ಬೇಸ್‌ಮೆಂಟ್ ಅಗೆಯುವಾಗ ಪಕ್ಕದ ಮನೆ ಉಳಿಸಿಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಬೇಸ್‌ಮೆಂಟಿಗೆ ಗುಂಡಿ ತೆಗೆಸುವುದೇ ನನ್ನ ಕೆಲಸ. ಮೂರು ಬೇಸ್‌ಮೆಂಟ್ ಅಂದರೆ ಹತ್ತು ಮೀಟರ್ ಆಸುಪಾಸು ಆಳ. ಆಚೆ ಕಡೆ ಯಾರದೋ ಅಡುಗೆಮನೆ ಇರುತ್ತದೆ.

ಹಿಟಾಚಿ ಕರೆಸುವ ಮುಂಚೆ ಆ ಮನೆಗೆ ಹೋಗಿ. ಹಳೇ ಬಿರುಕುಗಳ ಫೋಟೋವನ್ನು ಮನೆಯವರ ಎದುರೇ ತೆಗೆಯಿರಿ. ಬಾವಿ ಇತ್ತಾ, ಸಂಪು ಎಲ್ಲಿದೆ ಅಂತ ಹಿರಿಯರನ್ನು ಕೇಳಿ. ಮುಚ್ಚಿದ ಬಾವಿ ಮಣ್ಣು ಪರೀಕ್ಷೆಯ ವರದಿಯಲ್ಲಿ ಸಿಗದೇ ಹೋಗಬಹುದು.

ನಮ್ಮ ಕೆಂಪು ಮಣ್ಣು ನಂಬಿಸಿ ಕೈಕೊಡುವ ಜಾತಿ. ಬೇಸಿಗೆಯಲ್ಲಿ ನೆಟ್ಟಗೆ ನಿಲ್ಲುತ್ತದೆ. ನೀರು ಹೊಕ್ಕರೆ ಆ ಬಿಗಿ ಹೋಗುತ್ತದೆ. ಅದಕ್ಕೇ ಗುಂಡಿಯ ಮೇಲಂಚಿನ ಸುತ್ತ ಮೊದಲು ಚರಂಡಿ ಮಾಡಿಸಿ. ಅಂಚಿನಲ್ಲಿ ಮಣ್ಣಿನ ಗುಡ್ಡೆ, ಕಬ್ಬಿಣ, ಟಿಪ್ಪರ್ ಯಾವುದೂ ಬೇಡ.

ಸಾಯಿಲ್ ನೈಲಿಂಗ್ (ಗುಂಡಿಯ ಬದಿಯ ಮಣ್ಣಿಗೆ ಕಂಬಿ ತೂರಿಸಿ ಹಿಡಿದು ನಿಲ್ಲಿಸುವುದು) ಆದರೆ ಸುಮಾರು ಒಂದೂವರೆ ಮೀಟರ್ ಅಗೆದು ನಿಲ್ಲಿಸಿ. 100 ಎಂಎಂ ತೂತು, 10ರಿಂದ 15 ಡಿಗ್ರಿ ಕೆಳಮುಖವಾಗಿ. ಅದರ ನಡುಮಧ್ಯೆ ಕಂಬಿ ಕೂರಿಸಿ, ಪೈಪನ್ನು ತಳದವರೆಗೆ ಇಳಿಸಿ ಗ್ರೌಟ್ (ಸಿಮೆಂಟು, ನೀರಿನ ತೆಳು ಕಲಸು) ತುಂಬಿ. ತೂತಿನ ಬಾಯಿಂದ ಸುರಿದರೆ ಒಳಗೆ ಟೊಳ್ಳು ಉಳಿಯುತ್ತದೆ. ಆಮೇಲೆ ಕಬ್ಬಿಣದ ಮೆಶ್, ಶಾಟ್‌ಕ್ರೀಟ್ (ರಭಸದಿಂದ ಚಿಮ್ಮಿಸುವ ಕಾಂಕ್ರೀಟ್), ಕಂಬಿಯ ತುದಿಗೆ ಪ್ಲೇಟು. ಶಾಟ್‌ಕ್ರೀಟಿನ ಹಿಂಬದಿಯ ನೀರು ಹೊರಬರಲು ಪಿವಿಸಿ ಪೈಪಿನ ತುಂಡುಗಳನ್ನು ಮರೆಯಬೇಡಿ. ಕಂಬಿಯ ಉದ್ದ, ಅಂತರ ಡಿಸೈನರ್ ಹೇಳಿದಷ್ಟೇ. ಗ್ರೌಟ್ ಗಟ್ಟಿಯಾಗುವ ತನಕ ಮುಂದಿನ ಹಂತ ಮುಟ್ಟಬಾರದು. ಹಿಟಾಚಿ ಬಾಡಿಗೆ ಸುಮ್ನೆ ಹೋಗ್ತಿದೆ ಅಂತ ಮಾಲೀಕರು ಗೊಣಗುತ್ತಾರೆ. ಗೊಣಗಲಿ.

ಆದರೆ ಕಂಬಿ ಪಕ್ಕದವರ ನೆಲದೊಳಗೆ ಹೋಗುತ್ತದೆ ಅಲ್ವಾ? ಬರಹದಲ್ಲಿ ಒಪ್ಪಿಗೆ ಬೇಕು. ಕೊಡದಿದ್ದರೆ ಒತ್ತೊತ್ತಾಗಿ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಹಾಕಿ, ಒಳಗಿನಿಂದ ಉಕ್ಕಿನ ತೊಲೆ ಕೊಟ್ಟು ತಡೆಯಬೇಕು. ಖರ್ಚು ಜಾಸ್ತಿ. ಇಲ್ಲಿ ಜೋಡಣೆಗಳ ಮೇಲೆ ಕಣ್ಣಿಡಿ. 2004ರ ಏಪ್ರಿಲ್ 20ರಂದು ಸಿಂಗಪುರದ ನಿಕೋಲ್ ಹೈವೇ ಬಳಿ ಮೆಟ್ರೋ ಗುಂಡಿ ಕುಸಿದು ನಾಲ್ವರು ಸತ್ತರು. ಅಲ್ಲಿ ಮೊದಲು ಸೋತದ್ದು ತೊಲೆ ಬಂದು ಸೇರುವ ಜಾಗ.

ಗುಂಡಿಯಿಂದ ಪಂಪ್ ಎತ್ತಿ ಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೋಡಿ. ತಳದಲ್ಲಿ ಮರಳು ಕೂತರೆ ಪಕ್ಕದ ಪಾಯದ ಮಣ್ಣೂ ಬರುತ್ತಿರಬಹುದು. ಪಂಪ್ ನಿಲ್ಲಿಸಿ ಎಂಜಿನಿಯರನ್ನು ಕರೆಸಿ.

ಗೋಡೆಗೆ ಗುರುತು ಅಂಟಿಸಿ ದಿನಾ ಟೋಟಲ್ ಸ್ಟೇಷನ್ನಿನಲ್ಲಿ (ಕೋನ, ದೂರ ಅಳೆಯುವ ಸರ್ವೇ ಯಂತ್ರ) ಅಳೆಯಿರಿ. ಎಷ್ಟು ಸರಿದರೆ ಕೆಲಸ ನಿಲ್ಲಬೇಕು, ನಿಲ್ಲಿಸು ಅನ್ನುವವರು ಯಾರು ಅನ್ನುವುದು ಮೊದಲೇ ತೀರ್ಮಾನವಾಗಿರಲಿ. ಒಟ್ಟು ಎಷ್ಟು ಸರಿಯಿತು ಅನ್ನುವುದಕ್ಕಿಂತ ನಿನ್ನೆಗಿಂತ ಜೋರಾಯಿತಾ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ತೊಲೆ ಬಿಚ್ಚುವುದು ಬೇಸ್‌ಮೆಂಟಿನ ಸ್ಲ್ಯಾಬ್ ಬಲ ಪಡೆದು ಆ ಒತ್ತಡ ಹೊರುವಂತಾದ ಮೇಲೆ, ಕೆಳಗಿನಿಂದ ಒಂದೊಂದಾಗಿ.