ಏಕಾಂತಕ್ಕೆ ಉಗಾಭೋಗವೇ ಸೈ: ನನ್ನ ಅನುಭವ

ಒಬ್ಬಳೇ ಇರುವವಳು ದೇವರ ಮುಂದೆಯೂ ಒಬ್ಬಳೇ ಕೂತರೆ ಕೊರಗು ಹೆಚ್ಚುತ್ತೆ ಅಂತ ಅಕ್ಕನೂ ಹೇಳಿದ್ದಳು, ಪಕ್ಕದ ಮನೆಯವರೂ ಹೇಳಿದ್ದರು. ಮೂರು ವರ್ಷದ ಹತ್ತಿರ ಬಂತು, ಬಸವನಗುಡಿಯ ಈ ಪುಟ್ಟ ಮನೆಯಲ್ಲಿ ಉಗಾಭೋಗ, ಅಂದರೆ ಹರಿದಾಸರ ಪುಟ್ಟ ಹಾಡು, ಹಾಡಿಕೊಂಡು ನಾನು ತುಂಬಿಕೊಂಡಿದ್ದೇನೆ. ಅದೇ ಅಕ್ಕ ಈಗ ಫೋನ್ ಮಾಡಿ, ‘ಅದೇನು ಮಾಡ್ತೀಯೋ ನಂಗೂ ಹೇಳ್ಕೊಡೇ’ ಅಂತಾಳೆ.

ಮೊದಲು ದುಡ್ಡು ಕರಗಿದ್ದು ಶಿಬಿರಗಳಿಗೆ. ಒಂದು ಧ್ಯಾನ ಶಿಬಿರಕ್ಕೆ 12,000ದಷ್ಟು, ಇನ್ನೊಂದಕ್ಕೆ ತುಸು ಕಡಿಮೆ. ಅಲ್ಲಿದ್ದಷ್ಟು ದಿನ ಚೆನ್ನ. ಮನೆಗೆ ಬಂದು ಬೀಗ ತೆಗೆದರೆ ಅದೇ ಬಿಕೋ. ಭಜನಾ ಮಂಡಳಿಯಲ್ಲಿ ತಾಳ ತಪ್ಪಬಾರದು, ಸೀರೆ ಬಣ್ಣ ಹೊಂದಬೇಕು, ಮನಸ್ಸೆಲ್ಲ ಅತ್ತಲೇ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡರೆ ನಡುವೆ ಸಾಲ ಬೇಕಾ ಅನ್ನುವ ಕರೆ. ಕೊನೆಗೆ 4,000 ಚಿಲ್ಲರೆ ಕೊಟ್ಟು ಹಾಡಿಗೆ ಆಧಾರಸ್ವರ ಕೊಡುವ ಶ್ರುತಿಪೆಟ್ಟಿಗೆಯನ್ನೇ ತಂದೆ. ದಂಡವಾಗದ ಖರ್ಚು ಅದೊಂದೇ.

ಕೀರ್ತನೆ ಪಕ್ಕಕ್ಕಿಟ್ಟು ಉಗಾಭೋಗ ಹಿಡಿದ ಮೇಲೆ ದಾರಿ ಸಿಕ್ಕಿತು. ಅದಕ್ಕೆ ತಾಳದ ಕಟ್ಟಿಲ್ಲ, ಪಕ್ಕವಾದ್ಯ ಬೇಡ, ಒಬ್ಬರಿಗೇ ಹೇಳಿ ಮಾಡಿಸಿದ್ದು. ನಸುಕಿನ ಐದಕ್ಕೆ ಕೂರುತ್ತೇನೆ. ಮೊದಮೊದಲು ಐದೂವರೆ ಮನೆ ಶ್ರುತಿ ಇಡುತ್ತಿದ್ದೆ (ಮನೆ ಅಂದರೆ ಶ್ರುತಿಯ ಎತ್ತರದ ಅಳತೆ), ಏರುದನಿಯಲ್ಲಿ ಬರೀ ಬೇಡಿಕೆ ಬರುತ್ತಿತ್ತು. ಶ್ರುತಿಯನ್ನು ನಾಲ್ಕೂವರೆ ಮನೆಗೆ ಇಳಿಸಿದೆ, ಮಾತುಕತೆ ಶುರುವಾಯಿತು. ಪುರಂದರದಾಸರದೋ ಶ್ರೀಪಾದರಾಜರದೋ ಒಂದು ಉಗಾಭೋಗ, ವಾರವೆಲ್ಲ ಅದೇ. ರಾಗ ಮೊದಲೇ ಗೊತ್ತುಮಾಡುವುದಿಲ್ಲ. ಒಂದು ಸಾಲು ಹಾಡಿ, ಶ್ರುತಿ ಕೇಳುತ್ತ ಸುಮ್ಮನೆ ಕೂರುತ್ತೇನೆ. ಆ ಸಾಲು ಒಳಗೆ ತಾನಾಗಿ ಇನ್ನೊಮ್ಮೆ ಎದ್ದ ಮೇಲೇ ಮುಂದಿನದು. ಅಂಕಿತದ, ಅಂದರೆ ದಾಸರ ಮುದ್ರೆಯ ಹೆಸರು ಬರುವ, ಸಾಲಿಗೆ ಮುಂಚೆ ನಾನೊಂದು ಮಾಡುತ್ತೇನೆ. ಅದನ್ನು ಬರೆಯುವುದಿಲ್ಲ, ಹಾಡುತ್ತ ಹೋದವರಿಗೆ ಹೊಳೆಯುತ್ತೆ. ಐದಾರು ತಿಂಗಳಾಗಿರಬೇಕು, ಒಂದು ಬೆಳಗ್ಗೆ ‘ವಿಠಲ’ ಎನ್ನುವಾಗ ಎದುರಿಗೆ ಕೇಳುವವನಿದ್ದಾನೆ ಅಂತ ಮೈಗೇ ಗೊತ್ತಾಯಿತು. ಅತ್ತೆ, ನಕ್ಕೆ, ಕಾಫಿ ಎಷ್ಟೋ ಹೊತ್ತಿನ ಮೇಲೆ ಕುಡಿದೆ. ಆಮೇಲೆ ಈ ಮನೆ ಖಾಲಿ ಅನ್ನಿಸಿಲ್ಲ.

ನಡೆಯುತ್ತ ಹಾಡುವುದನ್ನೂ ನೋಡಿದೆ, ಲಾಲ್‌ಬಾಗಿನ ಬಂಡೆಯ ಮೇಲೆ. ಸುಮಾರು 300 ಕೋಟಿ ವರ್ಷದ ಕಲ್ಲು, ತುದಿಯಲ್ಲಿ ಕೆಂಪೇಗೌಡರ ಗೋಪುರ. ಹತ್ತುವಾಗ ಉಸಿರು ಸಾಲದೆ ಸಾಲು ಮುರಿಯುತ್ತೆ, ಇಳಿಯುವಾಗ ಮಾತ್ರ ಸೊಗಸು. ಧನುರ್ಮಾಸದ ಚಳಿಯಲ್ಲಿ ಒಂದು ತಾಸು ಮುಂಚೆ ಏಳುತ್ತೇನೆ. ಹಿಡಿ ಅಕ್ಕಿ, ಹಿಡಿ ಹೆಸರುಬೇಳೆ, ಮೆಣಸು ಜೀರಿಗೆಯ ಹುಗ್ಗಿ. ನೈವೇದ್ಯವಾದ ಮೇಲೆ ಬಿಸಿಬಿಸಿ ತಿನ್ನುವುದು, ಆಹಾ.

ಶುರುಮಾಡುವವರು ಸುಳಾದಿಗೆ ಕೈಹಾಕಬೇಡಿ. ಅದೂ ದಾಸರ ರಚನೆಯೇ, ಆದರೆ ತಾಳಮಾಲಿಕೆ, ಭಾಗ ಬದಲಾದಂತೆ ತಾಳವೂ ಬದಲಾಗುತ್ತೆ, ಒಬ್ಬರೇ ಇದ್ದಾಗ ಲೆಕ್ಕದಲ್ಲೇ ಹೊತ್ತು ಹೋಗುತ್ತೆ. ನಾಲ್ಕೈದು ಸಾಲಿನ ಉಗಾಭೋಗ ಸಾಕು, ಶ್ರುತಿ ಮಾತ್ರ ನಿಮ್ಮ ಮಾಮೂಲಿಗಿಂತ ಅರ್ಧ ಮನೆ ತಗ್ಗಿಸಿಯೇ ಇಡಿ.