ರಾತ್ರಿಗೆ ಐವತ್ತು: ನನ್ನ ಅನುಭವ

ಗೆಳೆಯ ತೀರಿಕೊಂಡ ದಿನ ಬೆಳಿಗ್ಗೆ ಅವನ ಬೈಕಿಗೆ ಹೊಸ ಬ್ರೇಕ್ ಶೂ ಹಾಕಿಕೊಟ್ಟವನು ನಾನೇ. 350 ರೂಪಾಯಿ ಆಗಿತ್ತು. 200 ಕೊಟ್ಟು, ಉಳಿದದ್ದು ಸಂಜೆಗೆ ಎಂದು ಹೋದ. ರಾತ್ರಿ ಪಾಂಡವಪುರದ ಕಡೆಯಿಂದ ಮಂಡ್ಯಕ್ಕೆ ಬರುವಾಗ, ಪಂಕ್ಚರ್ ಆಗಿ ನಿಂತಿದ್ದ ಕಬ್ಬಿನ ಟ್ರೇಲರ್‌ಗೆ ಹಿಂದಿನಿಂದ ಗುದ್ದಿದ. ಹೆಲ್ಮೆಟ್ ಇತ್ತು, ಗಲ್ಲದ ಪಟ್ಟಿ ಹಾಕಿರಲಿಲ್ಲ. ಮರುದಿನ ಆ ಜಾಗಕ್ಕೆ ಹೋಗಿ ಟೈರ್ ಉಜ್ಜಿದ ಗುರುತು ಹುಡುಕಿದೆ. ಒಂದು ಗೇಣೂ ಇರಲಿಲ್ಲ. ಬೆಳಿಗ್ಗೆಯಷ್ಟೇ ಹಾಕಿದ ನನ್ನ ಬ್ರೇಕ್ ಕೈಕೊಟ್ಟಿರಲಾರದು. ಅವನು ಒತ್ತಿಯೇ ಇರಲಾರ. ಕಂಡಿದ್ದರೆ ತಾನೆ ಒತ್ತುವುದು?

ಕತ್ತಲಲ್ಲಿ ಕಾಣಲೆಂದು ಮೊದಲ ವರ್ಷ ದುಡ್ಡು ಸುರಿದೆ. ನನ್ನ ಬೈಕಿಗೆ 1,200 ರೂಪಾಯಿಯ ಎಲ್‌ಇಡಿ ಬಲ್ಬ್ ಹಾಕಿದೆ. ಹಳೇ ಹ್ಯಾಲೋಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟ್ ಬಟ್ಟಲಿನಲ್ಲಿ ಆ ಬೆಳಕು ರಸ್ತೆಯ ಮೇಲೆ ನಿಲ್ಲದೆ ಮರದ ಕೊಂಬೆಗೂ ಎದುರಿನವರ ಕಣ್ಣಿಗೂ ಹೋಯಿತು. ಬೈಸಿಕೊಂಡು ಕಿತ್ತೆಸೆದೆ. ಆಮೇಲೆ ಹೊಳೆಯುವ ಟೇಪ್ ತಂದು, ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಂತ ನಲವತ್ತರಷ್ಟು ಟ್ರೇಲರ್‌ಗಳ ಹಿಂಬದಿಗೆ ಅಂಟಿಸಿದೆ. ಸುಮಾರು 2,500 ರೂಪಾಯಿ ಹೋಯಿತು. ದೂಳು ಒರೆಸದೆ ಅಂಟಿಸಿದ್ದೇ ತಪ್ಪು, ಅರ್ಧ ಉದುರಿತು. ಉಳಿದದ್ದನ್ನು ಜೋತುಬಿದ್ದ ಕಬ್ಬಿನ ಸೋಗೆ ಮುಚ್ಚಿತು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನೊಬ್ಬನೇ ಟೇಪ್ ಸುರುಳಿ ಹಿಡಿದು ಓಡಾಡಿದ್ದು ಬಂತು.

ಆಗ ಅಳೆಯೋಣ ಎನಿಸಿತು. ಊರಾಚೆ ಮನೆಗಳಿನ್ನೂ ಏಳದ ಬಡಾವಣೆಯ ಟಾರು ರಸ್ತೆಯಲ್ಲಿ ಐದೈದು ಮೀಟರಿಗೆ ಸುಣ್ಣದ ಗೆರೆ ಎಳೆದೆ. ಅಂಗಡಿಯ ಹುಡುಗ ಸೀಟಿ ಊದುವುದು, ನಾನು ಬ್ರೇಕ್ ಹಿಡಿಯುವುದು. ಸೀಟಿ ಕೇಳಿದ ಜಾಗದಿಂದ ಚಕ್ರ ನಿಲ್ಲುವ ತನಕ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 20 ಮೀಟರ್ ದಾಟಿತು. 50ರಲ್ಲಿ 30. 60ರಲ್ಲಿ 40ರ ಆಸುಪಾಸು. 80ರಲ್ಲಿ 65 ಮೀಟರ್ ಆದ ಮೇಲೆ ಸುಣ್ಣದ ಗೆರೆಯೇ ಮುಗಿದಿತ್ತು. ಅದೂ ಸೀಟಿಗಾಗಿ ಕಿವಿಗೊಟ್ಟು ಕೂತವನ ಲೆಕ್ಕ. ದಿನವಿಡೀ ದುಡಿದು ಬರುವವನಿಗೆ ಇನ್ನಷ್ಟು ಸೇರಿಸಿಕೊಳ್ಳಿ. ರಾತ್ರಿ ಅದೇ ರಸ್ತೆಯಲ್ಲಿ ಕೋಲಿಗೆ ಗೋಣಿಚೀಲ ನೇತುಹಾಕಿ ನೋಡಿದೆ. ಡಿಮ್‌ನಲ್ಲಿ ಅದು ಚೀಲವೆಂದು ಗೊತ್ತಾದದ್ದು 35 ಮೀಟರಿನಲ್ಲಿ. ಎದುರು ಕಾರಿನ ದೀಪ ಇಟ್ಟಾಗ 20ಕ್ಕೇ!

ಉಳಿದದ್ದು ನಿಮಗೇ ತಿಳಿಯುತ್ತದೆ. ಕಾಣುವಷ್ಟು ದೂರದೊಳಗೇ ನಿಲ್ಲಬೇಕೆಂದರೆ ಡಿಮ್‌ನಲ್ಲಿ ವೇಗ 50, ಎದುರು ದೀಪ ಬಂದರೆ 35. ಎಬಿಎಸ್ ಇರುವವರೂ ಬೀಗಬೇಕಿಲ್ಲ, ಅದು ಚಕ್ರ ಕಚ್ಚಿಕೊಳ್ಳದಂತೆ ಕಾಯುತ್ತದೆಯೇ ಹೊರತು ಕತ್ತಲಲ್ಲಿ ಕಣ್ಣು ಕೊಡುವುದಿಲ್ಲ. ಹಳದಿಗಟ್ಟಿದ ಹೆಡ್‌ಲೈಟ್ ಗಾಜನ್ನು ಬದಲಿಸಿದರೆ ಐದಾರು ಮೀಟರ್ ಹೆಚ್ಚು ಕಾಣುತ್ತದೆ. ಗೋಡೆಗೆ ಬೆಳಕು ಬಿಟ್ಟು ದೀಪ ಕೂರಿಸುವ ನನ್ನದೇ ಒಂದು ವರಸೆ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅದರಿಂದಲೇ ನಾಲ್ಕು ಗಿರಾಕಿ ಬರುತ್ತಿದ್ದಾರೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ರಾಗಿ ಹುಲ್ಲಿನ ಮೇಲೆ 30ರಲ್ಲಿ ಬ್ರೇಕ್ ಹಿಡಿದು ನೋಡಿದೆ. ಮೊಣಕೈ ಸಿಪ್ಪೆ ಸುಲಿಯಿತು, ಫುಟ್‌ರೆಸ್ಟ್ ಬಾಗಿತು. ಹುಲ್ಲು ಕಂಡರೆ ಅದಕ್ಕೆ ಮೊದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಮುಟ್ಟದೆ ದಾಟುವುದು ಎಂದು ಅಂದೇ ತೀರ್ಮಾನವಾಯಿತು.

ನನ್ನ ಈ 50ಕ್ಕೆ ನಗದವರಿಲ್ಲ. ಮೈಸೂರಿಂದ ಮಂಡ್ಯಕ್ಕೆ ನಲವತ್ತೈದು ಕಿಲೋಮೀಟರ್. 70ರಲ್ಲಿ ಬರುವವನಿಗಿಂತ ನಾನು ಕಾಲು ಗಂಟೆ ತಡ. ಹೆಚ್ಚು ನಕ್ಕವನು ನನ್ನ ಭಾವಮೈದುನ. ಕಳೆದ ಜನವರಿಯಲ್ಲಿ ಮೈಸೂರಿನ ಮದುವೆ ಮುಗಿಸಿ ಇಬ್ಬರೂ ಸರ್ವಿಸ್ ರಸ್ತೆಯಲ್ಲಿ ಬರುತ್ತಿದ್ದೆವು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ದಶಪಥದ ಮುಖ್ಯ ರಸ್ತೆಗೆ ಬೈಕೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಎರಡಕ್ಕೂ ಈ ಸರ್ವಿಸ್ ರಸ್ತೆಯೇ ದಾರಿ. "ಭಾವ, ಎತ್ತಿನ ಗಾಡಿಯವರು ಹಾರ್ನ್ ಹೊಡೆದಾರು, ಸ್ವಲ್ಪ ಬಿಡಿ" ಎಂದು ಹಿಂದಿನಿಂದ ಚುಚ್ಚುತ್ತಲೇ ಇದ್ದ. ಶ್ರೀರಂಗಪಟ್ಟಣ ದಾಟಿದ ಮೇಲೆ ಒಂದು ಲಾರಿ ಎದುರಾಯಿತು. 35ಕ್ಕೆ ಇಳಿಸಿದೆ. ಲಾರಿ ಹಾದುಹೋದದ್ದೇ ತಡ, ಕತ್ತಲೇ ಹೆಪ್ಪುಗಟ್ಟಿದಂತೆ ಮುಂದೆ ಏನೋ ನಿಂತಿತ್ತು. ಎರಡೂ ಬ್ರೇಕ್ ಹಿಡಿದೆ. ನಿಂತಾಗ ಮುಂದಿನ ಚಕ್ರಕ್ಕೂ ಕಬ್ಬಿನ ತುದಿಗೂ ಎರಡು ಮೊಳ ಇತ್ತು. ದೀಪವಿಲ್ಲ, ಕೆಂಪು ಬಟ್ಟೆಯಿಲ್ಲ, ಚಕ್ರಕ್ಕೆ ಒಡ್ಡಿದ ಎರಡು ಕಲ್ಲು ಮಾತ್ರ.

ಭಾವಮೈದುನ ಇಳಿದ. ಏನೂ ಮಾತಾಡಲಿಲ್ಲ. ಮದುವೆಗೆಂದು ಹೆಗಲಿಗೆ ಹಾಕಿದ್ದ ಬಿಳಿ ಶಲ್ಯ ತೆಗೆದು ಜಲ್ಲೆಗಳಿಗೆ ಕಟ್ಟಿದ. ಜಾಕ್ ತರಲು ಹೋಗಿದ್ದ ಚಾಲಕ ಬರುವ ತನಕ, ಮುಕ್ಕಾಲು ಗಂಟೆ, ನಮ್ಮ ಬೈಕಿನ ಇಂಡಿಕೇಟರ್ ಹಾಕಿಕೊಂಡು ಹಿಂದೆ ನಿಂತೆವು. ಶಲ್ಯ ಕಬ್ಬಿನ ಜೊತೆಗೇ ಕಾರ್ಖಾನೆಗೆ ಹೋಯಿತು.

ಈಗ ಅವನ ಬೈಕಿನ ದೀಪವನ್ನೂ ನಾನೇ ಕೂರಿಸಿಕೊಟ್ಟಿದ್ದೇನೆ, ದುಡ್ಡು ಇಸಿದುಕೊಂಡೇ. ಅಂಗಡಿಯ ಲೆಕ್ಕದ ಪುಸ್ತಕದ ಗೆಳೆಯನ ಪುಟದಲ್ಲಿ 150 ಬಾಕಿ ಎಂದು ಬರೆದದ್ದನ್ನು ಹೊಡೆದುಹಾಕಿಲ್ಲ.