ಕಿರುಬೆರಳಿಗೆ ಸಿಕ್ಕ ಜಾಜ್

ಶಿರಸಿ ಕಡೆಯವರಿಗೆ ಸಂಗೀತ ಅಂದರೆ ಹಿಂದೂಸ್ತಾನಿ, ಇಲ್ಲಾ ಯಕ್ಷಗಾನ. ನಾನೂ ಹಾರ್ಮೋನಿಯಂ ಮುಂದೆ ಕೂತು ಸರಿಗಮ ಕಲಿತವಳೇ. ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ಯುಕುಲೆಲೆ ಕೈಗೆ ಬಂದ ಮೇಲೆ ಸಾದಾ ಕಾರ್ಡುಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳು, ಬೇಗ ಕೂತವು. ಜಾಜ್ ಕಾರ್ಡ್ ಮಾತ್ರ ಚಾರ್ಟ್ ನೋಡಿ ಎಷ್ಟು ಉರು ಹೊಡೆದರೂ ನಿಲ್ಲಲಿಲ್ಲ. ಚಾರ್ಟ್ ಬದಿಗಿಟ್ಟು ಸ್ವರ ಬರೆದುಕೊಂಡೆ. ಆಗ ದಾರಿ ಕಂಡಿತು.

ಯುಕುಲೆಲೆಯ ತಂತಿಗಳು ಜಿ, ಸಿ, ಇ, ಎ. ಹಾರ್ಮೋನಿಯಂನ ಬಿಳಿ ಒಂದು, ಅಂದರೆ ಸಿ, ನಮ್ಮ ಷಡ್ಜ ಅಂತಿಟ್ಟುಕೊಂಡರೆ ಬರಿ ತಂತಿಗಳೇ ಪ ಸ ಗ ಧ. ಜಾಜ್‌ನಲ್ಲಿ ಮತ್ತೆ ಮತ್ತೆ ಬರುವ ನಡೆ ಎರಡು-ಐದು-ಒಂದು. ರಿ ಮೇಲೆ ಕಟ್ಟಿದ ಕಾರ್ಡ್, ಆಮೇಲೆ ಪ ಮೇಲಿನದು, ಕೊನೆಗೆ ಸ ಮೇಲಿನದು. ಡಿ ಮೈನರ್ ಸೆವೆನ್, ಜಿ ನೈನ್, ಸಿ ಮೇಜರ್ ಸೆವೆನ್.

ಮೊದಲನೆಯದು 2213. ಜಿ, ಸಿ, ಇ, ಎ ತಂತಿಗಳನ್ನು ಕ್ರಮವಾಗಿ ಎಷ್ಟನೇ ಫ್ರೆಟ್‌ನಲ್ಲಿ, ಅಂದರೆ ಕತ್ತಿನ ಮೇಲಿನ ಎಷ್ಟನೇ ಮನೆಯಲ್ಲಿ, ಒತ್ತಬೇಕು ಅನ್ನುವ ಲೆಕ್ಕ ಇದು; 0 ಅಂದರೆ ಬರಿ ತಂತಿ. ಜಿ ತಂತಿಯ 2ನೇ ಫ್ರೆಟ್‌ಗೆ ನಡುಬೆರಳು, ಸಿ ತಂತಿಯ 2ಕ್ಕೆ ಉಂಗುರಬೆರಳು, ಇ ತಂತಿಯ 1ಕ್ಕೆ ತೋರುಬೆರಳು, ಎ ತಂತಿಯ 3ಕ್ಕೆ ಕಿರುಬೆರಳು. ಸ್ವರ ಧ ರಿ ಮ ಸ. ಈಗ ಬೇರೆ ಯಾವ ಬೆರಳನ್ನೂ ಅಲುಗಿಸದೆ ಕಿರುಬೆರಳನ್ನು ಒಂದು ಫ್ರೆಟ್ ಹಿಂದಕ್ಕೆ ಎಳೆಯಿರಿ. 2212. ಸ ಇಳಿದು ನಿ ಆಯಿತು, ಜಿ ನೈನ್ ಬಂತು. ಇದರಲ್ಲಿ ಪ ಇಲ್ಲವೇ ಇಲ್ಲ, ಅಲ್ವಾ? ಐದು ಸ್ವರದ ಕಾರ್ಡಿಗೆ ನಾಲ್ಕೇ ತಂತಿ, ಒಂದನ್ನು ಬಿಡಲೇಬೇಕು. ಜೊತೆಗೆ ತಗ್ಗು ಸ್ವರದ ವಾದ್ಯ ಬೇಸ್ ನುಡಿಸುವವರಿದ್ದರೆ ಪ ಅವರ ಪಾಲು. ಇಲ್ಲದಿದ್ದರೂ ಕಿವಿ ತಾನೇ ತುಂಬಿಕೊಳ್ಳುತ್ತದೆ.

ಮೂರನೆಯದಕ್ಕೆ ಕಿರುಬೆರಳು ಅಲ್ಲೇ ಇರಲಿ, ಉಳಿದ ಮೂರನ್ನೂ ಎತ್ತಿಬಿಡಿ. 0002. ಪ ಸ ಗ ನಿ.

ಹಾರ್ಮೋನಿಯಂ ಕಿವಿಗೆ ತಕರಾರು ಇಲ್ಲೇ ಶುರು. ಶುದ್ಧ ನಿ ಕೇಳಿದರೆ ಮೇಲಿನ ಸ ಮುಟ್ಟದೆ ನಮಗೆ ಸಮಾಧಾನವಿಲ್ಲ. ಜಾಜ್‌ನವರು ಅದೇ ನಿ ಇಟ್ಟುಕೊಂಡು ಆರಾಮಾಗಿ ಹಾಡು ಮುಗಿಸುತ್ತಾರೆ. ನನಗೆ ಬೆರಳು ಒಗ್ಗಿದ್ದಕ್ಕಿಂತ ಕಿವಿ ಒಗ್ಗಲು ಜಾಸ್ತಿ ಸಮಯ ಹಿಡಿಯಿತು. ಸುಮ್ನೆ ಅದೊಂದೇ ಕಾರ್ಡ್ ಮೀಟುತ್ತಾ, ಸ ಹಾಡಿಕೊಳ್ಳದೆ ತಡೆದುಕೊಳ್ಳುವುದೇ ನನ್ನ ಅಭ್ಯಾಸವಾಗಿತ್ತು.

ಬಲಗೈಯದು ದೊಡ್ಡ ವಿಷಯವಲ್ಲ. ನಾಲ್ಕು ಪೆಟ್ಟುಗಳಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು ಕೊಡಿ. ಮೀಟಿದ ಕೂಡಲೇ ಎಡಗೈ ಸಡಿಲಿಸಿದರೆ ಸದ್ದು ಚುಟುಕಾಗಿ ನಿಲ್ಲುತ್ತದೆ. ಆದರೆ 0002ರಲ್ಲಿ ಇದು ನಡೆಯುವುದಿಲ್ಲ. ಬರಿ ತಂತಿಗಳು ಗುಂಯ್ ಅನ್ನುತ್ತಲೇ ಇರುತ್ತವೆ. ಅಲ್ಲಿ 5432 ಹಿಡಿಯಬಹುದು. ಒಂದೊಂದೇ ತಂತಿಯಲ್ಲಿ ಸ ಗ ಪ ನಿ, ಮೆಟ್ಟಿಲು ಇಳಿದ ಹಾಗೆ. ಕಿರುಬೆರಳು ಮಾತ್ರ ಎ ತಂತಿ ಬಿಟ್ಟು ಜಿ ತಂತಿಗೆ ಹಾರಬೇಕು.

ನಮ್ಮ ಮಳೆಗಾಲದಲ್ಲಿ ನೈಲಾನ್ ತಂತಿಗೆ ತುಕ್ಕಿನ ಭಯವಿಲ್ಲ. ಶ್ರುತಿ ಮಾತ್ರ ಕೂತಾಗಲೆಲ್ಲ ನೋಡಿಕೊಳ್ಳಬೇಕು.

ಈಗ 4435ರಿಂದ, ಅಂದರೆ ಇ ಮೈನರ್ ಸೆವೆನ್‌ನಿಂದ, ಅದೇ ಹಿಡಿತದಲ್ಲಿ 3324ಕ್ಕೆ, ಅಲ್ಲಿಂದ 2213ಕ್ಕೆ ಜಾರುವುದನ್ನು ತಿದ್ದುತ್ತಿದ್ದೇನೆ. ಇಳಿಯುವುದು ಬಂದಿದೆ, ಲಯ ಇನ್ನೂ ಓಡುತ್ತದೆ.